ಒಂದೇ ಬೆಂಚು, ಮೂರು ರೇಟು: ಕೊಟ್ಟ ದುಡ್ಡಿಗೆ ತಕ್ಕ ಎಂಜಿನಿಯರಿಂಗ್ ಕಾಲೇಜು ಗುರುತಿಸೋದು ಹೇಗೆ?

ರಾಜಾಜಿನಗರದ ಅಮ್ಮ (ಪ್ರಶ್ನೆ)

ಮಗಳ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ‍್ಯಾಂಕ್ 18 ಸಾವಿರದ ಆಸುಪಾಸು, ಮೀಸಲಾತಿಯಲ್ಲಿ 3ಬಿ ವರ್ಗ. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ) ರ‍್ಯಾಂಕೂ ಇದೆ. ಕಂಪ್ಯೂಟರ್ ಸೈನ್ಸ್ ಇಲ್ಲಾ ಎಲೆಕ್ಟ್ರಾನಿಕ್ಸ್, ಎರಡರಲ್ಲಿ ಒಂದು. ಮನೆಯಿಂದಲೇ ಓಡಾಡಬೇಕು, ಹಾಸ್ಟೆಲ್ ಬೇಡ. ನಾಲ್ಕು ವರ್ಷಕ್ಕೆ ಆರು ಲಕ್ಷದವರೆಗೆ ಕೈಯಿಂದ ಹಾಕಬಹುದು, ಮಿಕ್ಕಿದ್ದು ಸಾಲ.

ಯಾವ ಕಾಲೇಜಿನ ವೆಬ್‌ಸೈಟ್ ನೋಡಿದ್ರೂ ಪ್ಲೇಸ್‌ಮೆಂಟ್ ಶೇ. 90ರ ಮೇಲೆ, ಹೈಯೆಸ್ಟ್ ಪ್ಯಾಕೇಜ್ 40 ಲಕ್ಷ, 50 ಲಕ್ಷ. ಏಜೆಂಟರು ದಿನಾ ಫೋನ್ ಮಾಡ್ತಾರೆ, "ಮ್ಯಾನೇಜ್‌ಮೆಂಟ್ ಸೀಟು ಎರಡೇ ಉಳಿದಿದೆ ಮೇಡಂ" ಅಂತ. ಯಾವ ಕಾಲೇಜು ಒಳ್ಳೇದು ಅಂತ ನಾನು ಕೇಳ್ತಿಲ್ಲ. ಕೊಟ್ಟ ದುಡ್ಡಿಗೆ ಬೆಲೆ ಇದೆಯಾ ಅಂತ ನಾವೇ ಕೂತು ಲೆಕ್ಕ ಹಾಕೋಕೆ ಯಾವ ಕಾಗದ ನೋಡಬೇಕು, ಯಾವ ಸಂಖ್ಯೆ ನಂಬಬೇಕು, ಅದನ್ನ ಹೇಳಿ.

---

ಕಟಾಫ್ ಲೆಕ್ಕಿಗ

ಮೇಡಂ, ಕಾಲೇಜಿನ ಹೆಸರಿಗೆ ಮುಂಚೆ ಸೀಟು ಯಾವ ಬಾಗಿಲಿಂದ ಬರುತ್ತೆ ಅಂತ ನೋಡಿ. ನಮ್ಮ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚು ಕಡೆ ಹಂಚಿಕೆ ಹೀಗೆ: ಶೇ. 45 ಕೆಇಎ (ಸಿಇಟಿ ನಡೆಸಿ ಸೀಟು ಹಂಚೋ ಸರ್ಕಾರಿ ಪ್ರಾಧಿಕಾರ), ಶೇ. 30 ಕಾಮೆಡ್‌ಕೆ, ಮಿಕ್ಕ 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸರ್ಕಾರಿ ಕೋಟಾ ಶೇ. 40, ಅಲ್ಲಿ ಕೆಇಎ ಸೀಟಿನ ಶುಲ್ಕವೂ ಬೇರೆ, ಸಾಮಾನ್ಯವಾಗಿ ಜಾಸ್ತಿ.

ಈಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನ ಸೀಟು ವರ್ಷಕ್ಕೆ 45 ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಕೆಇಎ ಸೀಟು 1 ಲಕ್ಷದ ಆಚೀಚೆ, ಕಾಮೆಡ್‌ಕೆ ಸೀಟು ಸುಮಾರು 2ರಿಂದ 3 ಲಕ್ಷ. ಮ್ಯಾನೇಜ್‌ಮೆಂಟ್‌ಗೆ ಹೇಳಿದ್ದೇ ರೇಟು. ಮೂವರೂ ಕೂರೋದು ಒಂದೇ ಬೆಂಚಿನಲ್ಲಿ. ಮೇಷ್ಟ್ರು ಅವರೇ, ಲ್ಯಾಬ್ ಅದೇ, ಡಿಗ್ರಿ ಸರ್ಟಿಫಿಕೇಟಿನ ಮೇಲೆ ಕೋಟಾ ಹೆಸರು ಇರೋದಿಲ್ಲ. ಹಾಗಾಗಿ "ಈ ಕಾಲೇಜು ಬೆಲೆಗೆ ತಕ್ಕದ್ದಾ" ಅನ್ನೋ ಪ್ರಶ್ನೆಗೆ ಒಂದು ಉತ್ತರ ಇಲ್ಲ. ಕೆಇಎ ಸೀಟಿಗೆ ಹೌದು ಅನ್ನಿಸೋ ಕಾಲೇಜೇ ಮ್ಯಾನೇಜ್‌ಮೆಂಟ್ ರೇಟಿಗೆ ಶುದ್ಧ ನಷ್ಟ ಆಗಬಹುದು.

ಈಗ ಕಾಗದ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯನ್ನ ಪಕ್ಕಕ್ಕಿಡಿ, ಅದರ ಹಿಂದಿರೋ ಪಿಡಿಎಫ್ ತೆಗೀರಿ. ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಕಾಲೇಜು ತಾನು ಕೊಟ್ಟ ಮಾಹಿತಿಯನ್ನ ತನ್ನ ವೆಬ್‌ಸೈಟಿನಲ್ಲೂ ಹಾಕಿರುತ್ತೆ, ಹೋಮ್ ಪೇಜಿನ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಲಿಂಕ್ ಇರುತ್ತೆ. "ಓವರಾಲ್" ಬೇಡ, "ಎಂಜಿನಿಯರಿಂಗ್" ವಿಭಾಗದ್ದನ್ನೇ ತೆಗೀರಿ. ಓವರಾಲ್‌ನಲ್ಲಿ ಬೇರೆ ಕೋರ್ಸಿನ ಮಕ್ಕಳೂ ಸೇರಿಬಿಡ್ತಾರೆ. ಅದರಲ್ಲಿ ನಾಲ್ಕು ವರ್ಷದ ಯುಜಿ ಕೋಷ್ಟಕ ಹುಡುಕಿ. ಒಂದೇ ಸಾಲಿನಲ್ಲಿ ಸೇರಿದವರೆಷ್ಟು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರೆಷ್ಟು, ಸರಿಯಾಗಿ ನಾಲ್ಕು ವರ್ಷಕ್ಕೆ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಸಂಬಳದ ಮೀಡಿಯನ್ (ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದ್ರೆ ನಟ್ಟನಡುವಿನವರದ್ದು) ಎಷ್ಟು, ಉನ್ನತ ಓದಿಗೆ ಹೋದವರೆಷ್ಟು, ಎಲ್ಲಾ ಇರುತ್ತೆ. ಮೂರು ವರ್ಷದ್ದು ಒಂದರ ಕೆಳಗೊಂದು.

ಒಂದು ಕಾಲ್ಪನಿಕ ಲೆಕ್ಕ ಹಾಕ್ತೀನಿ. ಸೇರಿದವರು 560, ಡಿಪ್ಲೊಮಾದಿಂದ ಬಂದವರು (ಲ್ಯಾಟರಲ್) 40, ಒಟ್ಟು 600. ಸಮಯಕ್ಕೆ ಪಾಸಾದವರು 480. ಕೆಲಸ ಸಿಕ್ಕವರು 300, ಉನ್ನತ ಓದಿಗೆ 45. ಕಾಲೇಜಿನ ಫ್ಲೆಕ್ಸ್‌ನಲ್ಲಿ "ಶೇ. 94 ಪ್ಲೇಸ್‌ಮೆಂಟ್" ಅಂತಿರುತ್ತೆ. ಹೇಗೆ? 480 ಜನರಲ್ಲಿ "ಅರ್ಹರು" 320 ಅಂತ ತಾವೇ ಗೆರೆ ಎಳೆದು, 300ನ್ನ 320ರಿಂದ ಭಾಗಿಸಿದ್ರು. ನೀವು ಫೀಸು ಕಟ್ಟೋದು ಆ 600ರಲ್ಲಿ ಒಬ್ಬಳಾಗಿ. ಅಲ್ಲಿಂದ ಲೆಕ್ಕ ಹಾಕಿದ್ರೆ ಕೆಲಸ ಶೇ. 50, ಉನ್ನತ ಓದು ಸೇರಿಸಿದ್ರೆ 57.5. ಸುಳ್ಳು ಯಾರೂ ಹೇಳಲಿಲ್ಲ, ಭಾಗಿಸೋ ಸಂಖ್ಯೆ ಬದಲಾಯ್ತು ಅಷ್ಟೆ.

ಎರಡು ಎಚ್ಚರಿಕೆ. ಈ ಅಂಕಿ ಕಾಲೇಜೇ ಕೊಟ್ಟಿದ್ದು, ಎಲ್ಲಾ ಬ್ರಾಂಚ್ ಸೇರಿಸಿದ್ದು. ಸಿವಿಲ್, ಮೆಕ್ಯಾನಿಕಲ್ ಮಕ್ಕಳೂ ಅದರಲ್ಲೇ ಇದ್ದಾರೆ. ಬ್ರಾಂಚ್‌ವಾರು ಬೇಕಂದ್ರೆ ಪ್ಲೇಸ್‌ಮೆಂಟ್ ಆಫೀಸಿಗೇ ಕೇಳಬೇಕು. ಇನ್ನೊಂದು, ಮೂರು ಸಾಲಿನಲ್ಲಿ ಮೀಡಿಯನ್ ಒಂದು ವರ್ಷ ಮಾತ್ರ ಎಗರಿದ್ರೆ ಆ ವರ್ಷವನ್ನ ಲೆಕ್ಕದಿಂದ ಬಿಡಿ.

---

ಲ್ಯಾಬ್ ಮೇಷ್ಟ್ರು

ಲೆಕ್ಕಿಗರು ಹೇಳಿದ ಅದೇ ಪಿಡಿಎಫ್‌ನ ಕೊನೇ ಪುಟಗಳನ್ನ ಯಾರೂ ಓದೋದಿಲ್ಲ, ಇರೋ ಗುಟ್ಟೆಲ್ಲ ಅಲ್ಲೇ. ಅಧ್ಯಾಪಕರ ಪಟ್ಟಿ ಇರುತ್ತೆ: ಹುದ್ದೆ, ವಿದ್ಯಾರ್ಹತೆ, ಅನುಭವ ಎಷ್ಟು ತಿಂಗಳು, ಸೇರಿದ ದಿನಾಂಕ. ಸೇರಿದ ದಿನಾಂಕದ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳೀರಿ. ಮುಕ್ಕಾಲು ಪಾಲು ಜನ ಕಳೆದ ಎರಡು ವರ್ಷದಲ್ಲಿ ಸೇರಿದವರೇ ಆಗಿದ್ರೆ ಅಲ್ಲಿ ಮೇಷ್ಟ್ರುಗಳು ನಿಲ್ತಿಲ್ಲ ಅಂತ ಅರ್ಥ. ಸಂಬಳ ಸರಿಯಾಗಿ ಆಗದ ಕಡೆ, ಅಡ್ಮಿಷನ್ ಟಾರ್ಗೆಟ್ ಕೊಡೋ ಕಡೆ ಹೀಗಾಗುತ್ತೆ. ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಶುರು ಮಾಡಿದವರು ಮಧ್ಯದಲ್ಲೇ ಬಿಟ್ಟು ಹೋದ್ರೆ ಆ ಪೆಟ್ಟು ಏಳನೇ ಸೆಮಿಸ್ಟರಿನ ಇಂಟರ್‌ವ್ಯೂನಲ್ಲಿ ಕಾಣುತ್ತೆ.

ಸಂಖ್ಯೆ ಸಾಕಷ್ಟಿದೆಯಾ ಅಂತ ನೋಡೋಕೆ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಮಂಡಳಿ ಎಐಸಿಟಿಇ ಅಳತೆ 20 ವಿದ್ಯಾರ್ಥಿಗೆ ಒಬ್ಬರು ಅಧ್ಯಾಪಕರು. ಕಂಪ್ಯೂಟರ್ ಸೈನ್ಸ್‌ಗೆ ವರ್ಷಕ್ಕೆ 180 ಸೀಟಿದ್ರೆ ನಾಲ್ಕು ವರ್ಷಕ್ಕೆ 720, ಅಂದ್ರೆ ಆ ವಿಭಾಗಕ್ಕೆ 36 ಜನ ಬೇಕು. ಕಾಲೇಜಿನ ಸೈಟಿನಲ್ಲಿ ಆ ವಿಭಾಗದ ಪುಟ ತೆಗೆದು ತಲೆ ಎಣಿಸಿ. ಈ ಎಣಿಕೆ ಈಗ ಇನ್ನೂ ಮುಖ್ಯ. 2024-25ರಲ್ಲಿ ಎಐಸಿಟಿಇ ಚೆನ್ನಾಗಿ ನಡೆಯೋ ಸಂಸ್ಥೆಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿ ತೆಗೆದುಹಾಕಿತು, ಸಿಎಸ್ ಸೆಕ್ಷನ್‌ಗಳು ನಾಯಿಕೊಡೆ ಥರ ಎದ್ದಿವೆ. ಸೀಟು ಒಂದೇ ವರ್ಷದಲ್ಲಿ ದುಪ್ಪಟ್ಟಾಗುತ್ತೆ, ಪಾಠ ಮಾಡೋರು ಹಾಗೆ ದುಪ್ಪಟ್ಟಾಗೋದಿಲ್ಲ. ಹಳೇ ಪ್ಲೇಸ್‌ಮೆಂಟ್ ಅಂಕಿ, ಉದಾಹರಣೆಗೆ, 120 ಮಕ್ಕಳಿದ್ದಾಗಿನದ್ದು. ನಿಮ್ಮ ಮಗಳು ಹೊರಬರೋ ಹೊತ್ತಿಗೆ ಅದೇ ಕಂಪನಿಗಳ ಮುಂದೆ 240 ಜನ ನಿಂತಿರ್ತಾರೆ.

ಗುಣಮಟ್ಟದ ಮಾನ್ಯತೆ ಕೊಡೋ ಎನ್‌ಎಎಸಿ, ಎನ್‌ಬಿಎ ಎರಡನ್ನೂ ಒಂದೇ ಅನ್ಕೊಳ್ಳೋರು ಬಹಳ. ಎನ್‌ಎಎಸಿ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ. "ನಮ್ಮದು ಎನ್‌ಬಿಎ ಕಾಲೇಜು" ಅಂದ್ರೆ ಯಾವ ಬ್ರಾಂಚಿಗೆ, ಯಾವ ತಾರೀಕಿನವರೆಗೆ ಅಂತ ಕೇಳಿ, ಎನ್‌ಬಿಎ ಸೈಟಿನಲ್ಲೂ ತಾಳೆ ನೋಡಿ. ಆರು ವರ್ಷಕ್ಕೆ ಕೊಟ್ಟಿದ್ರೆ ಮೂರು ವರ್ಷದ್ದಕ್ಕಿಂತ ಗಟ್ಟಿ. ಎರಡು ಬ್ಯಾಚ್ ಪಾಸಾಗಿ ಹೊರಬರದೆ ಎನ್‌ಬಿಎಗೆ ಅರ್ಜಿಯನ್ನೇ ಹಾಕೋಕಾಗಲ್ಲ. ಹಾಗಾಗಿ ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಹೆಸರಿನ ಬ್ರಾಂಚಿಗೆ ಮುಂಚೆ "ಮೊದಲ ಬ್ಯಾಚ್ ಹೊರಗೆ ಬಂತಾ" ಅಂತ ಕೇಳಬೇಕು. ಬಂದಿಲ್ಲ ಅಂದ್ರೆ ಅವರು ತೋರಿಸ್ತಿರೋ ಅಂಕಿ ಬೇರೆ ಬ್ರಾಂಚಿನದ್ದು.

ಖರ್ಚಿನ ಕೋಷ್ಟಕದಲ್ಲಿ ಲೈಬ್ರರಿ, ಲ್ಯಾಬಿನ ಹೊಸ ಉಪಕರಣ ಅಂತ ಬೇರೆ ಬೇರೆ ಸಾಲಿರುತ್ತೆ. ಉಪಕರಣದ ಮೊತ್ತವನ್ನ ಒಟ್ಟು ವಿದ್ಯಾರ್ಥಿಗಳಿಂದ ಭಾಗಿಸಿ. ನೀವು ಲಕ್ಷ ಕಟ್ಟಿ, ತಲೆಗೆ ವರ್ಷಕ್ಕೆ ಎರಡು ಸಾವಿರವೂ ಲ್ಯಾಬಿಗೆ ಹೋಗ್ತಿಲ್ಲ ಅಂದ್ರೆ ಮಿಕ್ಕಿದ್ದು ಎಲ್ಲಿಗೆ ಹೋಯ್ತು ಅಂತ ಮುಂಬಾಗಿಲಿನ ಗ್ರಾನೈಟ್ ನೋಡಿದ್ರೆ ಗೊತ್ತಾಗುತ್ತೆ.

ಕಾಲೇಜಿಗೆ ಹೋಗೋದಾದ್ರೆ ಶನಿವಾರದ ಓಪನ್ ಡೇ ಬೇಡ. ವಾರದ ಮಧ್ಯೆ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಆಸಿಲೋಸ್ಕೋಪ್‌ಗೆ ಎಷ್ಟು ಮಕ್ಕಳು ಅಂತ ನೋಡಿ. ಇಬ್ಬರು ಮೂವರಾದ್ರೆ ಸರಿ, ಐದಾರು ಜನ ಆದ್ರೆ ಇಬ್ಬರು ಮಾಡ್ತಾರೆ, ಮಿಕ್ಕವರು ರೆಕಾರ್ಡ್ ಕಾಪಿ ಹೊಡೀತಾರೆ.

---

ಕ್ಯಾಂಪಸ್ ಟೇಬಲ್ ಈಚೆಯವ

ಕಂಪನಿ ಕಡೆಯಿಂದ ಸೇರಿಸೋದು ಸ್ವಲ್ಪ ಇದೆ.

"ಆಫರ್" ಬೇರೆ, "ವಿದ್ಯಾರ್ಥಿ" ಬೇರೆ. ಒಬ್ಬಳಿಗೆ ಮೂರು ಆಫರ್ ಬಂದ್ರೆ ಕೆಲವು ಕಾಲೇಜು ಮೂರು ಅಂತ ಎಣಿಸುತ್ತೆ. "800 ಆಫರ್" ಅಂತ ಬರೆದಿದ್ರೆ "ಎಷ್ಟು ವಿಭಿನ್ನ ವಿದ್ಯಾರ್ಥಿಗಳು" ಅಂತ ಕೇಳಿ. ಇಂಟರ್ನ್‌ಶಿಪ್ ಮಾತ್ರ ಕೊಟ್ಟು, ಚೆನ್ನಾಗಿ ಮಾಡಿದ್ರೆ ಆಮೇಲೆ ಕೆಲಸ ಅನ್ನೋ ಆಫರ್‌ಗಳನ್ನೂ ಪೂರ್ತಿ ಕೆಲಸ ಅಂತ ಬರ್ಕೊಳ್ಳೋದು ಮಾಮೂಲು.

ಸಿಟಿಸಿಯ (ಕಂಪನಿ ಹೇಳೋ ವರ್ಷದ ಒಟ್ಟು ಪ್ಯಾಕೇಜಿನ) ಒಳಗೇನಿದೆ ಅಂತ ನೋಡಿ. 12 ಲಕ್ಷದ ಒಂದು ಆಫರ್ ಹೀಗಿರಬಹುದು: ಮೂಲ ಸಂಬಳ 7 ಲಕ್ಷ, ಒಂದೇ ಸಲದ ಜಾಯಿನಿಂಗ್ ಬೋನಸ್ 1 ಲಕ್ಷ, ನಾಲ್ಕು ವರ್ಷದಲ್ಲಿ ಚೂರುಚೂರೇ ಬರೋ ಷೇರು 3 ಲಕ್ಷ, ಪಿಎಫ್, ಗ್ರಾಚ್ಯುಟಿ, ವಿಮೆ ಸೇರಿ 1 ಲಕ್ಷ. ತಿಂಗಳ ಸಂಬಳ 58 ಸಾವಿರದೊಳಗೇ. ಪೋಸ್ಟರಿನಲ್ಲಿ ಮಾತ್ರ 12. ಇನ್ನು "ಹೈಯೆಸ್ಟ್ ಪ್ಯಾಕೇಜ್" ಒಬ್ಬರದ್ದು. ಎಷ್ಟೋ ಸಲ ಕಾಲೇಜಿಗೂ ಅದಕ್ಕೂ ಸಂಬಂಧವೇ ಇರಲ್ಲ, ಹೊರಗಿನ ಕೋಡಿಂಗ್ ಸ್ಪರ್ಧೆಯಿಂದ ಬಂದಿರುತ್ತೆ. ಆ್ಯವರೇಜ್ ಕೂಡ ಆ ಒಬ್ಬರಿಂದ ಮೇಲಕ್ಕೆ ಹೋಗುತ್ತೆ. ಮೀಡಿಯನ್ ಒಂದೇ ಲೆಕ್ಕಕ್ಕೆ ಬರೋದು.

ನೀವು ನಿಜವಾಗ್ಲೂ ಕೇಳಬೇಕಾದ್ದು: ನಿಮ್ಮ ಬ್ರಾಂಚಿಗೆ ಕಳೆದ ವರ್ಷ ಬಂದ ಕಂಪನಿಗಳಲ್ಲಿ ಐದು ಜನಕ್ಕಿಂತ ಹೆಚ್ಚು ತಗೊಂಡ ಕಂಪನಿ ಯಾವು? 120 ಲೋಗೋ ಇರೋ ಗೋಡೆಯಲ್ಲಿ ಉತ್ತರ ಎರಡೋ ಮೂರೋ ದೊಡ್ಡ ಸರ್ವೀಸ್ ಕಂಪನಿ ಅಂತ ಬಂದ್ರೆ ಆ ಕಾಲೇಜಿನ ನಿಜವಾದ ಬೆಲೆ ಅದೇ. ಕ್ಯಾಂಪಸ್‌ಗೆ ಕಂಪನಿ ಅಲ್ಲೇ ಬರುತ್ತಾ, ಇಲ್ಲ ನಾಲ್ಕಾರು ಕಾಲೇಜು ಸೇರಿಸಿ ಪೂಲ್ ಡ್ರೈವ್‌ಗೆ ಕಳಿಸ್ತಾರಾ ಅಂತಲೂ ಕೇಳಿ.

ಬಹಳ ಕಂಪನಿಗಳ ಮೊದಲ ಜರಡಿ: ಶೇ. 60 ಅಥವಾ ಅದಕ್ಕೆ ಸಮನಾದ ಸಿಜಿಪಿಎ, ಬಾಕಿ ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಇರಕೂಡದು. ಕಾಲೇಜು ಎಷ್ಟು ದೊಡ್ಡದಾದ್ರೂ ಆ ಜರಡಿಯಲ್ಲಿ ಬಿದ್ದವರನ್ನ ನಾವು ನೋಡೋದೇ ಇಲ್ಲ. "ಸಮಯಕ್ಕೆ ಪಾಸಾದವರು" ಕಾಲಮ್ ಅದಕ್ಕೇ ಮುಖ್ಯ. ಎಲೆಕ್ಟ್ರಾನಿಕ್ಸ್ ಅಂದ್ರೆ ಹಿಂದೇಟು ಹಾಕಬೇಡಿ. ಬಹಳಷ್ಟು ಸಾಫ್ಟ್‌ವೇರ್ ಕಂಪನಿಗಳಿಗೆ ಇಸಿ ಮಕ್ಕಳೂ ಕೂರಬಹುದು, ಜೊತೆಗೆ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ, ಎಂಬೆಡೆಡ್ ಕೆಲಸ ಬೇರೆ ಇದೆ. ಉಲ್ಟಾ ದಾರಿ, ಅಂದ್ರೆ ಸಿಎಸ್‌ನಿಂದ ಆ ಕೆಲಸಕ್ಕೆ ಹೋಗೋದು, ಅಷ್ಟು ಸುಲಭ ಅಲ್ಲ.

---

ರಾಜಾಜಿನಗರದ ಅಮ್ಮ

ತುಂಬಾ ಉಪಕಾರ ಆಯ್ತು. ಸಂಜೆ ಕೂತು ಆರು ಕಾಲೇಜಿನ ಪಿಡಿಎಫ್ ತೆಗೆದ್ವಿ, ಎರಡರ ಲಿಂಕ್ ತೆರೆಯಲೇ ಇಲ್ಲ. ಈಗ ಎರಡು ಪ್ರಶ್ನೆ. ಕಾಮೆಡ್‌ಕೆಯಲ್ಲಿ ಸಿಎಸ್, ಇಲ್ಲ ಸಿಇಟಿಯಲ್ಲಿ ಇಸಿ ಅಂತ ಬಂದ್ರೆ ಸಾಲದ ಭಾರ ಎಷ್ಟು ವ್ಯತ್ಯಾಸ ಆಗುತ್ತೆ? ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೆಇಎಗೆ ಕೊಡುವಾಗ) ಯಾವ ಕ್ರಮದಲ್ಲಿ ಹಾಕಬೇಕು?

---

ಸಾಲದ ಕಿಟಕಿ

ಶುಲ್ಕ ಪೂರ್ತಿ ಸಾಲ ಅಂತ ಇಟ್ಕೊಂಡು ಲೆಕ್ಕ ಹಾಕೋಣ. ಬಡ್ಡಿ ಶೇ. 10, ಓದು ಮುಗಿದ ಮೇಲೆ ಒಂದು ವರ್ಷ ಬಿಡುವು, ಆಮೇಲೆ ಏಳು ವರ್ಷದ ಕಂತು.

ಕಾಮೆಡ್‌ಕೆ ವರ್ಷಕ್ಕೆ 2.5 ಲಕ್ಷ ಅಂದ್ರೆ ಅಸಲು 10 ಲಕ್ಷ. ಎಲ್ಲರೂ ಮರೆಯೋದು ಓದೋವಾಗ ಓಡೋ ಬಡ್ಡಿಯನ್ನ. ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 1.25 ಲಕ್ಷ, ಎರಡನೆಯದಕ್ಕೆ 1 ಲಕ್ಷ, ಮೂರನೆಯದಕ್ಕೆ 75 ಸಾವಿರ, ನಾಲ್ಕನೆಯದಕ್ಕೆ 50 ಸಾವಿರ. ಒಟ್ಟು 3.5 ಲಕ್ಷ. ಕಂತು ಶುರುವಾಗೋ ಹೊತ್ತಿಗೆ ಬಾಕಿ 13.5 ಲಕ್ಷ, ತಿಂಗಳ ಕಂತು ಸುಮಾರು 22,400 ರೂ.

ಸಿಇಟಿ ಸೀಟು ವರ್ಷಕ್ಕೆ 1 ಲಕ್ಷ ಅಂದ್ರೆ ಅದೇ ಲೆಕ್ಕದಲ್ಲಿ ಬಾಕಿ 5.4 ಲಕ್ಷ, ಕಂತು ಸುಮಾರು 8,960 ರೂ.

ಮೀಡಿಯನ್ 4.5 ಲಕ್ಷದ ಕಾಲೇಜಾದ್ರೆ ಕೈಗೆ ಬರೋ ಸಂಬಳ ತಿಂಗಳಿಗೆ 32-34 ಸಾವಿರ. ಅದರಲ್ಲಿ 22 ಸಾವಿರ ಕಂತಿಗೆ ಹೋದ್ರೆ ಆ ಹುಡುಗಿ ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ರೆ ಮಾತ್ರ ಬದುಕಬಹುದು. ನಾವು ಕೌಂಟರ್ ಈಚೆ ಬಳಸೋ ಒರಟು ಅಳತೆ: ಕಂತು ಕೈಗೆ ಬರೋ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ಹಾಗೆ ನೋಡಿದ್ರೆ 22,400 ಕಂತಿಗೆ ತಿಂಗಳಿಗೆ 67 ಸಾವಿರ ಕೈಗೆ ಬರಬೇಕು. ಅಷ್ಟು ಮೀಡಿಯನ್ ಇರೋ ಕಾಲೇಜಾದ್ರೆ ಕಾಮೆಡ್‌ಕೆ ರೇಟು ತೂಗುತ್ತೆ, ಇಲ್ಲದಿದ್ರೆ ಇಲ್ಲ. ನೀವು ಕೈಯಿಂದ ಆರು ಲಕ್ಷ ಹಾಕೋದಾದ್ರೆ ಸಿಇಟಿ ಸೀಟಿಗೆ ಸಾಲವೇ ಬೇಡ.

ಬ್ಯಾಂಕಿನ ಮಾತು: 4 ಲಕ್ಷದವರೆಗೆ ನಿಮ್ಮ ಪಾಲು ಕೇಳಲ್ಲ, ಅದರ ಮೇಲೆ ಶೇ. 5 ಕೇಳ್ತಾರೆ. 7.5 ಲಕ್ಷದವರೆಗೆ ಆಸ್ತಿ ಅಡಮಾನ ಸಾಮಾನ್ಯವಾಗಿ ಬೇಕಾಗಲ್ಲ. 10 ಲಕ್ಷ ಅಂದ್ರೆ ಸೈಟಿನ ಪತ್ರ ಕೇಳೋ ಸಾಧ್ಯತೆ ಇದೆ. ಓದೋ ಕಾಲದಲ್ಲೇ ಬಡ್ಡಿ ಕಟ್ಕೊಂಡು ಹೋದ್ರೆ ಹಲವು ಬ್ಯಾಂಕು ಶೇ. 1 ರಿಯಾಯಿತಿ ಕೊಡ್ತಾವೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ ಸುಮಾರು 2,080 ರೂ. ಮಾತ್ರ. ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತೆ.

ಏಜೆಂಟರ ವಿಷಯ. ರಸೀತಿ ಇಲ್ಲದ ಡೊನೇಷನ್‌ಗೆ ಯಾವ ಬ್ಯಾಂಕೂ ಸಾಲ ಕೊಡಲ್ಲ. ಹೀಗೆ ಸೀಟಿಗೆ ತಗೊಳ್ಳೋ ಕ್ಯಾಪಿಟೇಷನ್ ಶುಲ್ಕವನ್ನ ಕರ್ನಾಟಕದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ, ಹಾಗಾಗಿ ಆ ದುಡ್ಡಿಗೆ ಕಾಗದವೂ ಇರಲ್ಲ, ಸೀಟು ಬಿಟ್ಟರೆ ವಾಪಸೂ ಬರಲ್ಲ. ಮೂಲ ಅಂಕಪಟ್ಟಿ "ಇಲ್ಲೇ ಇರಲಿ" ಅಂದ್ರೆ ಕೊಡಬೇಡಿ. ಪರಿಶೀಲಿಸಿ ವಾಪಸ್ ಕೊಡಬೇಕು ಅಂತಲೇ ಯುಜಿಸಿ ನಿಯಮ.

ವಾರ್ಷಿಕ ಆದಾಯ 8 ಲಕ್ಷದೊಳಗಿದ್ರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಮರೀಬೇಡಿ. ಮಂಜೂರಾದ ಸೀಟಿನ ಮೇಲೆ ಶೇ. 5 ಹೆಚ್ಚುವರಿ, ಬೋಧನಾ ಶುಲ್ಕ ಮಾಫಿ, ಹಂಚಿಕೆ ಸಿಇಟಿ ರ‍್ಯಾಂಕಿನ ಮೇಲೇ. ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ತಪ್ಪಾಗಿ, ಇಲ್ಲ ಹೆಸರಿನ ಇನಿಷಿಯಲ್ ಹೊಂದದೆ ಈ ಸೌಲಭ್ಯ ಕೈತಪ್ಪಿಸಿಕೊಳ್ಳೋರು ಪ್ರತಿ ವರ್ಷ ಇರ್ತಾರೆ. ಹಿಂದುಳಿದ ವರ್ಗಕ್ಕೆ ದೇವರಾಜ ಅರಸು ನಿಗಮದ "ಅರಿವು" ಸಾಲ ಶೇ. 2ರ ಬಡ್ಡಿಗೆ ಇದೆ; 3ಬಿಯವರು ತಮಗೆ ಯಾವ ನಿಗಮ ಅನ್ವಯಿಸುತ್ತೆ ಅಂತ ತಾಲ್ಲೂಕು ಕಚೇರಿಯಲ್ಲೇ ಕೇಳಿ.

---

ಕಟಾಫ್ ಲೆಕ್ಕಿಗ

ಆಪ್ಷನ್ ಎಂಟ್ರಿ. ಹೋದ ವರ್ಷದ ಕೆಇಎ ಕಟಾಫ್ (ಪ್ರತಿ ಕೋರ್ಸಿನಲ್ಲಿ ಸೀಟು ಸಿಕ್ಕ ಕೊನೇ ರ‍್ಯಾಂಕ್) ತೆಗೆದು 3ಬಿಜಿ (3ಬಿ ಸಾಮಾನ್ಯ) ಕಾಲಮ್ ನೋಡಿ, ಜಿಎಂ (ಜನರಲ್ ಮೆರಿಟ್) ಕಾಲಮ್ಮೂ ಪಕ್ಕದಲ್ಲಿರಲಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ರೆ 3ಬಿಕೆ, ಗ್ರಾಮೀಣದಲ್ಲಿ ಓದಿದ್ರೆ 3ಬಿಆರ್ ಕಾಲಮ್. ಅಲ್ಲಿ ಕಟಾಫ್ ರ‍್ಯಾಂಕು ಹಲವು ಸಲ ಇನ್ನೂ ಮುಂದಕ್ಕೆ ಹೋಗುತ್ತೆ. ಮೊದಲ ಸುತ್ತಿನದ್ದನ್ನೂ ಕೊನೇ ಸುತ್ತಿನದ್ದನ್ನೂ ಬೇರೆ ಬೇರೆ ಬರ್ಕೊಳ್ಳಿ. 18 ಸಾವಿರದ ರ‍್ಯಾಂಕಿಗೆ 9 ಸಾವಿರದಲ್ಲಿ ನಿಂತ ಕೋರ್ಸುಗಳನ್ನೂ ಮೇಲೆ ಹಾಕಿ, 35 ಸಾವಿರದವು ಕೆಳಗಿರಲಿ. ಆಪ್ಷನ್ ಸಂಖ್ಯೆಗೆ ಮಿತಿ ಇಲ್ಲ, ಮೇಲೆ ಸಿಗದಿರೋದನ್ನ ಹಾಕಿದ್ರೆ ಕೆಳಗಿನದ್ದು ಹೋಗಲ್ಲ. ಕ್ರಮ ನಿಮ್ಮ ಆಸೆಯದ್ದಾಗಿರಲಿ, ಕಟಾಫ್‌ದ್ದಲ್ಲ. ಸಿಕ್ಕರೂ ಸೇರಲ್ಲ ಅನ್ನೋ ಕಾಲೇಜನ್ನ ಮಾತ್ರ ಹಾಕಲೇಬೇಡಿ.

ಅಣಕು ಹಂಚಿಕೆ ಬಂದ ಮೇಲೆ ಕ್ರಮ ತಿದ್ದೋಕೆ ಅವಕಾಶ ಇರುತ್ತೆ. ನಿಜವಾದ ಸುತ್ತಿನಲ್ಲಿ ಚಾಯ್ಸ್ 1 ಅಂದ್ರೆ ಸೀಟು ಒಪ್ಪಿ ಸೇರೋದು, ಅಲ್ಲಿಗೆ ಮುಗೀತು. ಚಾಯ್ಸ್ 2 ಅಂದ್ರೆ ಈ ಸೀಟು ಕೈಯಲ್ಲಿಟ್ಕೊಂಡು ಮುಂದಿನ ಸುತ್ತಿಗೆ ಹೋಗೋದು. ಮೇಲಿನ ಆಪ್ಷನ್ ಸಿಕ್ಕರೆ ಹಳೇದು ತಾನಾಗೇ ರದ್ದು. ಚಾಯ್ಸ್ 3 ಅಂದ್ರೆ ಕೈಲಿದ್ದದ್ದನ್ನ ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. 2 ಒತ್ತಬೇಕಾದ ಕಡೆ 3 ಒತ್ತಿ ಸೀಟು ಕಳ್ಕೊಳ್ಳೋದು ಅತಿ ಸಾಮಾನ್ಯ ತಪ್ಪು. ಸೈಬರ್ ಸೆಂಟರಿನವರ ಕೈಗೆ ಕೊಡಬೇಡಿ, ಓಟಿಪಿ ನಿಮ್ಮ ಮೊಬೈಲಿಗೇ ಬರಲಿ.

---

ಹಸಿರು ಮಾರ್ಗ

ಓಡಾಟವನ್ನೂ ಫೀಸಿನ ಥರವೇ ಕೂಡಿಸಿ. ಊರಿನ ಹೊರಗಿನ ಕಾಲೇಜು ಬಸ್ಸಿಗೆ ವರ್ಷಕ್ಕೆ ಹತ್ತಾರು ಸಾವಿರ, ದಿನಕ್ಕೆ ಮೂರು ಗಂಟೆ. ರಾಜಾಜಿನಗರ ಮೆಟ್ರೋ ಹತ್ತಿದ್ರೆ ಒಂದೇ ರೈಲಿನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣ. ಬಸವನಗುಡಿಯ ಬಿಎಂಎಸ್, ವಿ.ವಿ. ಪುರದ ಬಿಐಟಿ, ಎರಡೂ ಎಂಜಿನಿಯರಿಂಗ್ ಕಾಲೇಜು ಅಲ್ಲಿಂದ ಹತ್ತಿರ. ಕೆ.ಆರ್. ವೃತ್ತದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಸೆಂಟ್ರಲ್ ಕಾಲೇಜು ನಿಲ್ದಾಣ. ಬಿಎಂಟಿಸಿ ಸಾಮಾನ್ಯ ಬಸ್ಸಾದ್ರೆ ಶಕ್ತಿ ಯೋಜನೆಯಲ್ಲಿ ಮಗಳಿಗೆ ಟಿಕೆಟ್ಟೇ ಇಲ್ಲ.

ಯುವಿಸಿಇ ಹೆಸರು ಬಂದಿದ್ದಕ್ಕೆ ಹೇಳ್ತೀನಿ, ಶುಲ್ಕ ಮತ್ತು ಮೀಡಿಯನ್ ಪಕ್ಕಪಕ್ಕ ಇಟ್ಟು ನೋಡೋರು ಅದನ್ನ ಪಟ್ಟಿಯಲ್ಲಿ ಬಿಡಬಾರದು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಶುರು ಮಾಡಿದ್ದು, ಈಗ ಅದೇ ಸ್ವತಂತ್ರ ವಿಶ್ವವಿದ್ಯಾಲಯ. ಕಟ್ಟಡ ಹಳೇದು, ಎ.ಸಿ. ಸೆಮಿನಾರ್ ಹಾಲ್ ನೋಡಿ ಸೇರೋರಿಗೆ ಹಿಡಿಸಲ್ಲ. ಸಿವಿಲ್ ಬ್ರಾಂಚ್ ಇರೋದು ಜ್ಞಾನಭಾರತಿಯಲ್ಲಿ. 18 ಸಾವಿರಕ್ಕೆ ಸಿಎಸ್ ಸಿಗೋದು ಕಷ್ಟ, ಆದ್ರೆ ಆಪ್ಷನ್ ಪಟ್ಟಿಯಲ್ಲಿ ಹಾಕಿದ್ರೆ ನಷ್ಟವೇನೂ ಇಲ್ವಲ್ಲ.

---

ಲ್ಯಾಬ್ ಮೇಷ್ಟ್ರು

ಲಿಂಕ್ ತೆರೆಯದ ಆ ಎರಡು ಕಾಲೇಜಿಗೆ ಎಐಸಿಟಿಇ "ಮ್ಯಾಂಡೇಟರಿ ಡಿಸ್‌ಕ್ಲೋಶರ್" ಕಡತ ಹುಡುಕಿ, ಶುಲ್ಕ ಮತ್ತು ಅಧ್ಯಾಪಕರ ವಿವರ ಅದರಲ್ಲೂ ಇರಬೇಕು. ಅದೂ ತೆರೆಯಲ್ಲ ಅಂದ್ರೆ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ ಮೂರೇ ಕೇಳಿ: ನಿಮ್ಮ ಬ್ರಾಂಚಿನ ಕಳೆದ ಬ್ಯಾಚಿನಲ್ಲಿ ಸೇರಿದವರೆಷ್ಟು, ಕೆಲಸ ಸಿಕ್ಕ ವಿಭಿನ್ನ ವಿದ್ಯಾರ್ಥಿಗಳೆಷ್ಟು, ಕೆಇಎ ಶುಲ್ಕದ ಹೊರತಾಗಿ "ಸ್ಕಿಲ್", "ಟ್ರೇನಿಂಗ್" ಅಂತ ಎರಡನೇ ವರ್ಷದಿಂದ ಏನೇನು ಕಟ್ಟಬೇಕು. ಫೋನಿನಲ್ಲಿ ಬೇಡ, ಬರಹದಲ್ಲೇ. ಉತ್ತರ ಬರೋವರೆಗೆ ಆ ಎರಡನ್ನ ಆಪ್ಷನ್ ಪಟ್ಟಿಯ ಕೆಳಗಿಡಿ.